ಗುಳಿಗಿ ಸರಕಾರದ್ದು, ಊಟ ಯಾರದ್ದು?

ನಮ್ಮ ಹೊಸಪೇಟ್ಯಾಗ ಟಿಬಿ ಅಂದ್ರ ಎಲ್ಲಾರಿಗೂ ಮೊದಲು ನೆನಪಾಗೋದು ಡ್ಯಾಮು. ಬಸ್ಸಿನ ಬೋರ್ಡಿನ ಮ್ಯಾಲೂ ಟಿ.ಬಿ.ಡ್ಯಾಂ, ಊರ ಹೊರಗಿನ ಆ ಕಾಲೋನಿಗೂ ಟಿ.ಬಿ.ಡ್ಯಾಂ. ತುಂಗಭದ್ರಾ ಅಂತ ಬಾಯಿ ತುಂಬಾ ಅನ್ನೋರು ಹೊರಗಿನೋರು. ಹಿಂಗಾಗಿ 2023ರ ಫೆಬ್ರುವರಿಯಾಗ ಕಂಪ್ಲಿಯಿಂದ ನನ್ನ ಮೈದುನ ಫೋನ್ ಮಾಡಿ, "ಅತ್ತಿಗಿ, ಟಿಬಿ ಅಂತ" ಅಂದಾಗ ನಾನು, "ಡ್ಯಾಮಿಗೆ ಏನಾತಪಾ?" ಅಂದೆ. ಆ ಕಡಿಂದ ಮಾತು ಬರಲಿಲ್ಲ, ಕೆಮ್ಮು ಬಂತು.

ಅಂವ ನಮ್ಮ ಮನೆಯವರ ಕೊನೇ ತಮ್ಮ. ಸಂಡೂರಿನ ಅದಿರು ಲಾರಿ ಓಡಿಸಿಕೊಂಡು ವರ್ಷಗಟ್ಟಲೆ ದುಡಿದಾಂವ. ಆ ದಿನದಾಗ ಮನಿಗೆ ಬಂದ್ರ ಅಂಗಿ, ರೆಪ್ಪಿ, ಕಿವಿ ಎಲ್ಲಾ ಕೆಂಪು. ಅಂಗಿ ಹಿಂಡಿದ ನೀರು ಕುಂಕುಮ ಕಲಸಿದಂಗ ಇರ್ತಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮ್ಯಾಲ ಲಾರಿ ನಿಂತುವು. ಅಂವ ಹೆಂಡ್ತಿ ತವರೂರು ಕಂಪ್ಲಿಗೆ ಹೋಗಿ ರೈಸ್ ಮಿಲ್ಲಿನಾಗ ಸೇರಿಕೊಂಡ. ಧೂಳಿನ ಬಣ್ಣ ಬದಲಾತು, ಧೂಳು ತಪ್ಪಲಿಲ್ಲ. ಕಲ್ಲಿನ ಧೂಳಿನಾಗಿರೋ ಸಿಲಿಕಾ ವರ್ಷಾನುಗಟ್ಟಲೆ ಎದಿಯೊಳಗ ಹೋದೋರಿಗೆ ಟಿಬಿ ಹತ್ತೋದು ಬಾಳ ಸಲೀಸಂತ. ಇದನ್ನ ಅಂವಗ ಯಾವ ಲಾರಿ ಮಾಲಕನೂ ಹೇಳಿರಲಿಲ್ಲ.

ಎರಡು ತಿಂಗಳು ಕೆಮ್ಮಿದ್ದ. ಎರಡು ಸಲ ಡಾಕ್ಟರ ಕಡೆ ಹೋಗಿದ್ದ, ಎರಡೂ ಸಲ ಕೆಮ್ಮಿನ ಸಿರಪ್ಪು ಕೊಟ್ಟು ಕಳಿಸಿದ್ರು. ಮೂರನೇ ಸಲ ಬ್ಯಾರೆ ಕಡೆ ಹೋದಾಗ ಕಫ ಹಿಡಿದು ನೋಡಿದ್ರು. ಈ ಸಿರಪ್ಪಿನ ಕಥಿ ಇವತ್ತಿಂದಲ್ಲ ಅಂತ ನನಗ ಆಮ್ಯಾಲ ಗೊತ್ತಾತು. ಬೆಂಗಳೂರಾಗ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಅಂತ ಐತಿ, 1959ರಲ್ಲಿ ಶುರುವಾಗಿದ್ದು. ಅದು ಇರೋ ರಸ್ತೆ ಹೆಸರು ಬಳ್ಳಾರಿ ರಸ್ತೆ, ಅದಕ್ಕ ನನಗ ನೆನಪುಳೀತು. ಅಲ್ಲಿನ ಡಿ. ಬ್ಯಾನರ್ಜಿ, ಸ್ಟಿಗ್ ಆಂಡರ್ಸನ್ ಅನ್ನೋರು ತುಮಕೂರು ಜಿಲ್ಲೆಯ ಹಳ್ಳಿಯೊಳಗ ತಿರುಗಾಡಿ ವಿಚಾರಿಸಿ 1963ರಲ್ಲಿ ಬರೆದ್ರು. ಹಳ್ಳಿ ಮಂದಿಗೆ ರೋಗದ ತಿಳುವಳಿಕಿ ಇಲ್ಲ, ಅವರು ಆಸ್ಪತ್ರಿಗೆ ಬರಂಗಿಲ್ಲ ಅಂತ ಎಲ್ಲಾರೂ ತಿಳಕೊಂಡಿದ್ರಲ್ಲ, ಇವರು ನೋಡಿದ್ರ ರೋಗಿಗಳೊಳಗ ಅರ್ಧಕ್ಕಿಂತ ಹೆಚ್ಚು ಮಂದಿ ಆಗಲೇ ಎಲ್ಲೋ ಒಂದು ಕಡೆ ಔಷಧಕ್ಕ ಹೋಗಿ ಬಂದಿದ್ರು. ಅವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧ. ಆಗಿಂದ ಈಗ 60 ವರ್ಷ. ಬಾಟಲಿ ಗಾಜಿಂದು ಹೋಗಿ ಪ್ಲಾಸ್ಟಿಕ್ ಆಗೈತಿ.

ಮೈದುನನ್ನ ನಾವು ಹೊಸಪೇಟಿಗೆ ಕರಕೊಂಡು ಬಂದ್ವಿ. ಅವನ ಹೆಂಡ್ತಿ ಕೂಲಿಗೆ ಹೋಗಲೇಬೇಕು, ಎರಡು ಹೆಣ್ಣುಮಕ್ಕಳ ಶಾಲಿ ಅಲ್ಲೇ. ನಮ್ಮನ್ಯಾಗ ಮಾಡಾಕ ನಾನಿದೀನಿ. ನಮ್ಮತ್ತಿಗೆ ಮಾತ್ರ ಇದು ಒಪ್ಪಿಗಿ ಇರಲಿಲ್ಲ. ಮಗನ ಮ್ಯಾಲ ಪ್ರೀತಿ ಇಲ್ಲಂತಲ್ಲ. "ಮದನಪಲ್ಲಿಗೆ ಕಳಸ್ರಿ" ಅಂತ ಹಟ ಹಿಡಿದ್ರು.

ಮದನಪಲ್ಲಿ ಅಂದ್ರ ನಮ್ಮ ಮನ್ಯಾಗ ಒಂದು ದೊಡ್ಡ ಪುರಾಣ. ಬಳ್ಳಾರಿ ಜಿಲ್ಲಾ 1953ರ ಅಕ್ಟೋಬರ್ ತನಕ ಮದ್ರಾಸಿಗೆ ಸೇರಿತ್ತಲ್ಲ, ಆವಾಗ ಕ್ಷಯ ಬಂದ ಸ್ಥಿತಿವಂತರು ಹೋಗ್ತಿದ್ದುದು ಮದನಪಲ್ಲಿ ಹತ್ರ ಆರೋಗ್ಯವರಂ ಸ್ಯಾನಿಟೋರಿಯಂಗೆ. ಅದು 1915ರದ್ದು, ಮಿಶನ್ನಿನೋರದು. ನಮ್ಮ ಮಾವನವರ ಅಣ್ಣ ಅಲ್ಲಿ ಎರಡು ವರ್ಷ ಇದ್ದು ಬಂದೋರು. ಹೋಗಿ ಬರಾಕ, ಇರಾಕ, ಉಣ್ಣಾಕ ಅಂತ ಬಸವಣ್ಣ ಕಾಲುವಿ ಬುಡದ ಎರಡು ಎಕರೆ ಗದ್ದಿ ಹೋತು. ವಿಜಯನಗರದ ಅರಸರ ಕಾಲದ ಕಾಲುವಿ ಅದು, ಇವತ್ತಿಗೂ ನೀರು ಹರಿತೈತಿ. ಗದ್ದಿ ಮಾತ್ರ ಬ್ಯಾರೆಯೋರದು. ಅಲ್ಲಿ ಕೊಡ್ತಿದ್ದ ಮದ್ದು ಅಂದ್ರ ಗಾಳಿ, ಬಿಸಿಲು, ವಿಶ್ರಾಂತಿ, ಹಾಲು, ತತ್ತಿ. ನಮ್ಮದು ತತ್ತಿ ಮುಟ್ಟದ ಮನಿ. ಅವರು ತಿಂದಿದ್ರೋ ಇಲ್ಲೋ ಅಂತ ಊರಿಗೆ ಬಂದ ಮ್ಯಾಲ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಸಾಯೋತನಕ ಅವರ ತಟ್ಟಿ, ಚೊಂಬು ಬ್ಯಾರೇನೇ ಇದ್ದುವು.

ನಾನು ಪಿಯುಸಿ ತನಕ ಓದಿದಾಕಿ, ಹಿಂಗ ಅಂದ್ರ ಹಿಂಗ ಯಾಕ ಅಂತ ಕೇಳೋ ಚಟ ಒಂದು ಉಳದೈತಿ. ಮನ್ಯಾಗ ಇಟ್ಕೊಂಡು ಗುಳಿಗಿ ಕೊಟ್ರ ಸಾಕು, ಸ್ಯಾನಿಟೋರಿಯಂ ಬ್ಯಾಡ ಅಂತ ಯಾರು ಹೇಳಿದ್ರು, ಹೆಂಗ ಗೊತ್ತಾತು ಅವರಿಗೆ? ಮಗಳು ಮೊಬೈಲಿನಾಗ ಹುಡುಕಿ ಓದಿ ಹೇಳಿದ್ಲು. ಕೇಳಿ ನನಗ ಮೈ ಜುಮ್ ಅಂತು. ಇದನ್ನ ಕಂಡು ಹಿಡಿದಿದ್ದೂ ಆ ಮದ್ರಾಸಿನ್ಯಾಗೇ. 1956ರಲ್ಲಿ ಅಲ್ಲಿ ಒಂದು ಕೇಂದ್ರ ತೆಗೆದು, ಊರ ಬಡವರ ಓಣಿಯ 193 ರೋಗಿಗಳನ್ನ ಚೀಟಿ ಎತ್ತಿದಂಗ ಎರಡು ಗುಂಪು ಮಾಡಿದ್ರು. ಒಂದು ಗುಂಪು ಸ್ಯಾನಿಟೋರಿಯಂನಾಗ ಒಂದು ವರ್ಷ, ಒಳ್ಳೇ ಊಟ, ಪೂರ್ತಿ ವಿಶ್ರಾಂತಿ. ಇನ್ನೊಂದು ಗುಂಪು ಅದೇ ಮದ್ದು ತಗೊಂಡು ತಮ್ಮ ಗುಡಿಸಲಾಗ, ತಮ್ಮ ಗಂಜಿ ಕುಡಕೊಂತ, ಆದಷ್ಟು ಕೆಲಸ ಮಾಡಿಕೊಂತ. ವರ್ಷದ ಮ್ಯಾಲ ನೋಡಿದ್ರ ಎರಡೂ ಗುಂಪಿನೋರು ಹೆಚ್ಚು ಕಡಿಮಿ ಒಂದೇ ಪ್ರಮಾಣದಾಗ ಗುಣ ಆಗಿದ್ರು. ಇನ್ನೂ ದೊಡ್ಡ ಮಾತು ಏನಂದ್ರ, ಮನ್ಯಾಗ ಉಳಿದ ರೋಗಿಗಳ ಹೆಂಡ್ತಿ ಮಕ್ಕಳಿಗೆ ಅದರಿಂದ ರೋಗ ಹೆಚ್ಚಾಗಿ ಹತ್ತಲೂ ಇಲ್ಲ. ಮದ್ದು ಶುರುವಾದ ಕೆಲವೇ ದಿನಕ್ಕ ಹರಡೋ ಶಕ್ತಿ ಕಡಿಮಿ ಆಗ್ತೈತಿ, ಹರಡೋದೆಲ್ಲ ಗೊತ್ತಾಗೋಕಿಂತ ಮೊದಲಿನ ತಿಂಗಳಾಗ. 1959ರಲ್ಲಿ ಇದು ಅಚ್ಚಾದ ಮ್ಯಾಲ ಜಗತ್ತಿನ ತುಂಬಾ ಸ್ಯಾನಿಟೋರಿಯಂ ಬಾಗಿಲು ಮುಚ್ಚಿಕೊಂತ ಬಂದುವು. ನಮ್ಮ ದೊಡ್ಡಪ್ಪನ ಗದ್ದಿ ಹೋಗಿ ನಾಕೈದು ವರ್ಷ ಆಗಿತ್ತಷ್ಟ.

ಇದನ್ನ ನಮ್ಮತ್ತಿಗೆ ಹೇಳಿದೆ. "ಮದ್ರಾಸಿನೋರಿಗೇನು ಗೊತ್ತು" ಅಂದ್ರು.

ಮನ್ಯಾಗ ಮದ್ದು ಕೊಡೋ ದಾರಿಗೂ ಒಂದು ತೊಡಕು ಐತಿ. ಒಂದು ತಿಂಗಳಿಗೆ ಕೆಮ್ಮು ನಿಂತ್ರ ಗುಳಿಗಿ ಯಾರಿಗೆ ಬೇಕು? ಅರ್ಧಕ್ಕ ಬಿಟ್ರ ರೋಗ ಮೊಂಡಾಗಿ ತಿರುಗಿ ಬರ್ತೈತಿ. ಅದಕ್ಕ 1997ರಿಂದ ಡಾಟ್ಸ್ ಅಂತ ಬಂತು, ಕಣ್ಣೆದುರಿಗೇ ನುಂಗಿಸೋದು. 2006ರ ಹೊತ್ತಿಗೆ ದೇಶದ ತುಂಬಾ ಬಂತು. ಮೊದಲು ವಾರಕ್ಕ ಮೂರು ದಿನ ಕೊಡ್ತಿದ್ರು, 2017ರಿಂದ ದಿನಾಲೂ. ಆರು ತಿಂಗಳು. ನಮ್ಮ ಓಣಿಯ ಆಶಾ ಕಾರ್ಯಕರ್ತೆ ಬಂದು ಮೊದಲೇ ಹೇಳಿದ್ಲು, "ಅಣ್ಣಾರ, ಒಂದಕ್ಕ ಹೋದ್ರ ಕೆಂಪಗ ಬರ್ತೈತಿ, ರಕ್ತ ಅಂತ ಹೆದರಬ್ಯಾಡ್ರಿ, ಗುಳಿಗಿ ಬಣ್ಣ." ಈ ಒಂದು ಮಾತು ಯಾರೂ ಹೇಳದೆ ಇದ್ದಿದ್ರ ಅಂವ ಎರಡನೇ ದಿನಕ್ಕೇ ಗುಳಿಗಿ ಎಸೀತಿದ್ದ. ಕಣ್ಣಿಟ್ಟು ಕಾಯೋದು ಅಂದ್ರ ಮನುಷ್ಯಾರ ಮ್ಯಾಲ ಅನುಮಾನ ಪಟ್ಟಂಗ ಅಂತ ಓದಿದೋರು ಅಂತಾರ. ಇರಬೌದು. ನಮ್ಮ ಓಣ್ಯಾಗ ನಾನು ಕಂಡಿದ್ದು, ಆಕಿ ಬಂದು ಐದು ನಿಮಿಷ ಕುಂತು, "ಉಂಡ್ರೇನ್ರಿ" ಅಂತ ಕೇಳಿ ಹೋಗ್ತಿದ್ಲು. ಅಷ್ಟಕ್ಕ ಅಂವ ಒಗದ ಅಂಗಿ ಹಾಕ್ಕೊಂಡು ಕಾಯ್ತಿದ್ದ. ಆಕಿಗೆ ಸಿಗೋ ರೊಕ್ಕದ ಲೆಕ್ಕ ಕೇಳಿದ್ರ ನಾಚಿಕಿ ಬರ್ತೈತಿ, ಆ ಮಾತು ಇನ್ನೊಮ್ಮೆ.

ಒಂದೊಂದು ರೋಗಕ್ಕ ಒಂದೊಂದು ದಾರಿ ಹಿಡಿದು ಹೋಗೋದನ್ನ ನಮ್ಮ ವಯಸ್ಸಿನೋರು ಕಣ್ಣಾರೆ ಕಂಡೀವಿ. ನನ್ನ ತೋಳಿನ ಮ್ಯಾಲ ಸಿಡುಬಿನ ಲಸಿಕಿಯ ದುಂಡ ಕಲಿ ಐತಿ, ನನ್ನ ಮಕ್ಕಳಿಗಿಲ್ಲ. ಎಲ್ಲಾರಿಗೂ ಚುಚ್ಚಿಕೊಂತ ಹೋದ್ರೂ ಸಿಡುಬು ಹೋಗಲಿಲ್ಲ. ಕೊನಿಗೆ ಮನಿಮನಿ ಹುಡುಕಿ, ಒಂದು ಕೇಸು ಸಿಕ್ರ ಅದರ ಸುತ್ತಲಿನ ಮನಿಗೆಲ್ಲ ಚುಚ್ಚಿ, ರೋಗ ತೋರಿಸಿಕೊಟ್ಟೋರಿಗೆ ಇನಾಮು ಇಟ್ಟು, ಇನಾಮು ಸಾವಿರ ರೂಪಾಯಿ ತನಕ ಏರಿಸಿ ಅದನ್ನ ಹಿಡಿದ್ರು. 1975ರ ಮೇ ತಿಂಗಳಾಗ ದೇಶದ ಕೊನೇ ರೋಗಿ. ಬಿಸಿಜಿ ಕಲಿ ಮಕ್ಕಳ ತೋಳಿನ ಮ್ಯಾಲೂ ಐತಿ, ಅದು ಕೂಸುಗಳನ್ನ ಮೆದುಳಿನ ಟಿಬಿಯಂಥ ಕೆಟ್ಟ ಟಿಬಿಯಿಂದ ಕಾಯ್ತೈತಿ; ದೊಡ್ಡೋರ ಎದಿ ಟಿಬಿಗೆ ಅದು ಉಪಯೋಗಿಲ್ಲ ಅಂತ ಚೆಂಗಲ್ಪಟ್ಟಿನಾಗ ಲಕ್ಷಗಟ್ಟಲೆ ಮಂದಿ ಮ್ಯಾಲ ನೋಡಿ ಖಾತ್ರಿ ಮಾಡಿಕೊಂಡ್ರು. ಹಂಪಿ ಜಾತ್ರಿಗೆ ಹೋಗೋರಿಗೆ ಕಾಲರಾ ಸೂಜಿ ಹಾಕ್ತಿದ್ದುದನ್ನ ನಮ್ಮತ್ತಿ ಇನ್ನೂ ಹೇಳ್ತಾರ. ಸೂಜಿ ತಪ್ಪಿಸಿಕೊಳ್ಳಾಕ ಬಾಳಿ ತೋಟದಾಗ ಹಾದು ಹೋಗ್ತಿದ್ರಂತ! ಆ ಸೂಜಿಯ ಕಾವಲು ಬಾಳ ದಿನ ನಿಲ್ಲಂಗಿಲ್ಲ ಅಂತ ಗೊತ್ತಾಗಿ 1973ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಪ್ರಯಾಣಿಕರಿಗೆ ಅದರ ಸರ್ಟಿಫಿಕೇಟ್ ಬ್ಯಾಡ ಅಂತು. ಕಾಲರಾದಿಂದ ಜೀವ ಉಳಿಸಿದ್ದು ನೀರಿಗೆ ಹಾಕೋ ಕ್ಲೋರಿನ್ನು, ಉಪ್ಪು ಸಕ್ಕರಿ ನೀರು.

ನನಗ ಎಲ್ಲಾದಕ್ಕಿಂತ ಸೋಜಿಗ ಅನ್ಸೋದು ನಾರುಹುಣ್ಣು. ನಮ್ಮವ್ವನ ತವರು ರಾಯಚೂರು ಕಡಿಯ ಹಳ್ಳಿ. ಸಣ್ಣಾಕಿ ಇದ್ದಾಗ ಅಲ್ಲಿ ಒಬ್ಬ ಮುದುಕ ಕಟ್ಟಿ ಮ್ಯಾಲ ಕುಂತು, ಕಾಲಾಗಿನ ಹುಣ್ಣಿಂದ ಬಿಳೀ ದಾರದಂಥ ಹುಳ ಹೊರಗ ಬಂದಿದ್ದನ್ನ ಸಣ್ಣ ಕಡ್ಡಿಗೆ ದಿನಾ ಒಂದೀಟು ಸುತ್ತಿಕೊಂತ ಇದ್ದುದನ್ನ ನೋಡೀನಿ. ಜಗ್ಗಿದ್ರ ಹರೀತೈತಿ, ಹರಿದ್ರ ಕಾಲು ಬಾತುಕೊಂತೈತಿ. ಅದಕ್ಕ ಇವತ್ತಿಗೂ ಲಸಿಕಿ ಇಲ್ಲ, ಗುಳಿಗಿ ಇಲ್ಲ. ಮೆಟ್ಟಿಲು ಬಾವಿಯ ನೀರಿನಾಗ ಕಂಡೂ ಕಾಣದಂಥ ಸಣ್ಣ ಹುಳ ಇರ್ತಾವ, ಅದರ ಹೊಟ್ಟ್ಯಾಗ ನಾರುಹುಳದ ಮರಿ. ಕುಡದ ಮ್ಯಾಲ ಒಂದು ವರ್ಷಕ್ಕ ಕಾಲಾಗ ಹೊರಗ ಬರ್ತೈತಿ. ಉರಿ ತಾಳಲಾರದ ಆ ಮನುಷ್ಯಾ ಅದೇ ಬಾವಿಗೆ ಕಾಲು ಇಟ್ರ ತಿರುಗಿ ಮರಿ ನೀರಿಗೆ. 1980ರ ದಶಕದಾಗ ಸರಕಾರ ಅದಕ್ಕಂತ ಒಂದು ಕಾರ್ಯಕ್ರಮ ತಂತು. ಕರ್ನಾಟಕನೂ ಸೇರಿ ಏಳು ರಾಜ್ಯದಾಗ ಆ ರೋಗ ಇತ್ತು. ಮಾಡಿದ್ದೇನು? ಮೆಟ್ಟಿಲು ಬಾವಿ ಮುಚ್ಚಿಸಿದ್ರು ಇಲ್ಲಾ ಕಟ್ಟಿ ಕಟ್ಟಿಸಿದ್ರು, ಬೋರು ಹೊಡಸಿದ್ರು, ನೀರು ಬಟ್ಟಿಯಾಗ ಸೋಸ್ರಿ ಅಂತ ಹೆಣ್ಣುಮಕ್ಕಳಿಗೆ ಕಲಿಸಿದ್ರು. ಕೊನೇ ರೋಗಿ 1996ರಲ್ಲಿ ರಾಜಸ್ಥಾನದಾಗ, 2000ದ ಫೆಬ್ರುವರಿಯಲ್ಲಿ ದೇಶ ಮುಕ್ತ ಅಂತ ಸಾರಿದ್ರು. ಬಟ್ಟಿ ಹಿಡಿದು ಸೋಸಿದ ಕೈ ಯಾರವು ಅಂತ ನೀವ ಹೇಳ್ರಿ.

ಆದ್ರ ಬೋರು ಬಂದು ನಾರುಹುಣ್ಣು ಹೋತು, ಎಷ್ಟೋ ಹಳ್ಳ್ಯಾಗ ಅದೇ ಬೋರಿನಿಂದ ಫ್ಲೋರೈಡ್ ಬಂತು. ಹಲ್ಲು ಕಂದು, ಮೊಣಕಾಲು ಬಿಗಿ. ಈಗ ಅದಕ್ಕ ಐದು ರೂಪಾಯಿ ಕಾಯಿನ್ ಹಾಕಿ ಕ್ಯಾನು ತುಂಬೋ ನೀರಿನ ಘಟಕ. ಒಂದು ತೂತು ಮುಚ್ಚಿದ್ರ ಇನ್ನೊಂದು.

ಇನ್ನ ಬಾಗಿಲು ಮುಚ್ಚೋ ದಾರಿ. ಕೊರೊನಾದಾಗ ಬಳ್ಳಾರಿ ಜಿಲ್ಲಾದ ಮೊದಲ ಕೇಸುಗಳು ನಮ್ಮ ಹೊಸಪೇಟೆಯವೇ, 2020ರ ಮಾರ್ಚ್ ಕೊನಿಗೆ. ಅವತ್ತಿಂದ ಓಣಿಗೆ ಬೇಲಿ, ಕೈಗೆ ಸೀಲು. ಮರುವರ್ಷ ಸಂಡೂರು ತಾಲೂಕಿನ ತೋರಣಗಲ್ಲಿನಾಗ ಜಿಂದಾಲ್ ಕಾರ್ಖಾನಿ ಪಕ್ಕ ಸಾವಿರ ಹಾಸಿಗಿಯ ಆಕ್ಸಿಜನ್ ಆಸ್ಪತ್ರಿ ಎದ್ದಿತು. ಅದು ಆವಾಗ ಬೇಕಿತ್ತು, ಬ್ಯಾಡ ಅನ್ನಂಗಿಲ್ಲ. ಆದ್ರ ಬಾಗಿಲು ಮುಚ್ಚಿದ ಆ ವರ್ಷ ದೇಶದಾಗ ಟಿಬಿ ಅಂತ ಗೊತ್ತಾದೋರು 24 ಲಕ್ಷದಿಂದ 18 ಲಕ್ಷಕ್ಕ ಇಳಿದ್ರು. ರೋಗ ಇಳೀಲಿಲ್ಲ, ಲೆಕ್ಕ ಇಳೀತು. ಆ ಆರು ಲಕ್ಷ ಮಂದಿ ಮನ್ಯಾಗ ಕುಂತು ಕೆಮ್ಮಿದ್ರು, ಮಕ್ಕಳು ಪಕ್ಕದಾಗ ಮಲಗಿದ್ದುವು.

ಈಗ ನನ್ನ ಇಲಾಖೆಗೆ ಬರ್ತೀನಿ, ಅಡಿಗಿಮನಿಗೆ. ಮೈದುನ ಬಂದಾಗ 43 ಕಿಲೋ ಇದ್ದ, ಐದೂವರಿ ಅಡಿ ಗಂಡಸು. ಗುಳಿಗಿ ಪುಕ್ಕಟೆ. ಊಟಕ್ಕಂತ ನಿಕ್ಷಯ್ ಪೋಷಣ್ ಯೋಜನೆಯಾಗ ಆವಾಗ ತಿಂಗಳಿಗೆ 500 ರೂಪಾಯಿ, 2018ರಿಂದ ಕೊಡ್ತಿದ್ರು. ನಾನು ಹಾಲಿನ ಲೆಕ್ಕದ ಕ್ಯಾಲೆಂಡರ್ ಹಿಂದ ಪೆನ್ಸಿಲ್ಲಿನಾಗ ಬರದೆ: ದಿನಕ್ಕೊಂದು ತತ್ತಿ, ಆರು ರೂಪಾಯಿಯಂಗ ತಿಂಗಳಿಗೆ 180. ಅರ್ಧ ಲೀಟರ್ ಹಾಲು ಅಂದ್ರ ಆರುನೂರರ ಹತ್ರ. ಅಲ್ಲಿಗೇ ಮುಗೀತು. ಬ್ಯಾಳಿ, ಶೇಂಗಾ, ಹೆಸರುಕಾಳು, ಪುಂಡಿಪಲ್ಯಕ್ಕ ಎಣ್ಣಿ ಎಲ್ಲಾ ನಮ್ಮ ಡಬ್ಬಿಯಿಂದ. ನಮ್ಮ ಡಬ್ಬಿ ತುಂಬಿತ್ತು, ನಡೀತು. ಕಂಪ್ಲ್ಯಾಗ ಅವನ ಹೆಂಡ್ತಿ ಡಬ್ಬಿಯಾಗ ಏನಿರ್ತೈತಿ ಅಂತ ನನಗ ಗೊತ್ತು. ಅಕ್ಕಿ ಇರ್ತೈತಿ. ಸುತ್ತೂರ ಭತ್ತ ಎಲ್ಲಾ ಬಂದು ಬೀಳೋ ಊರು, ಅಕ್ಕಿಗೇನು ಕಡಿಮಿ.

ತತ್ತಿ ಒಳಗ ಕುದಿಸೋಹಂಗಿರಲಿಲ್ಲ. ಹಿತ್ತಲದಾಗ ಹಳೇ ಸೀಮೆಎಣ್ಣಿ ಸ್ಟೌ ಇಟ್ಟು, ಬ್ಯಾರೆ ಪಾತ್ರಿಯಾಗ ಬೆಳಿಗ್ಗೆ ಐದಕ್ಕೆ ಕುದಿಸ್ತಿದ್ದೆ. ಮೊದಲ ವಾರ ನಮ್ಮತ್ತಿ ಹಿತ್ತಲ ಬಾಗಿಲಿಗೂ ಬರಲಿಲ್ಲ. ಮೂರನೇ ವಾರಕ್ಕ ಒಳಗಿಂದನೇ, "ಅದು ಕುದಿಸಿದಿ?" ಅಂತ ಕೇಳಾಕ ಹತ್ತಿದ್ರು. ಹೆಸರು ಮಾತ್ರ ಹೇಳಲಿಲ್ಲ. ಎರಡು ತಿಂಗಳಿಗೆ ಅಂವ 46 ಕಿಲೋ ಆದ ಅಂದ ದಿನ, "ಎರಡು ಹಾಕು" ಅಂದ್ರು.

ಆ ತೂಕಕ್ಕ ಎಷ್ಟು ಅರ್ಥ ಐತಿ ಅಂತ ಆಗಸ್ಟಿನಾಗ ತಿಳೀತು, ಅವನ ಆರು ತಿಂಗಳು ಮುಗಿಯೋ ಹೊತ್ತಿಗೆ. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತವರ ಜೊತೆಯವರು ಜಾರ್ಖಂಡದಲ್ಲಿ 2,800 ಟಿಬಿ ರೋಗಿಗಳಿಗೆ ಗುಳಿಗಿ ಜೋಡಿ ಪ್ರತಿ ತಿಂಗಳು ಹತ್ತು ಕಿಲೋ ಆಹಾರದ ಚೀಲ ಕೊಟ್ಟು ನೋಡಿದ್ರು. ಅಕ್ಕಿ, ಕಡಲಿ ಹುರಿಹಿಟ್ಟು, ಹಾಲಿನ ಪುಡಿ, ಎಣ್ಣಿ. ಮೊದಲ ಎರಡು ತಿಂಗಳಾಗ ತೂಕ ನೂರಕ್ಕ ಐದರಷ್ಟು ಏರಿದೋರಲ್ಲಿ ಸಾವಿನ ಅಪಾಯ ಅರ್ಧಕ್ಕಿಂತ ಕೆಳಗ ಇತ್ತು. ಇಷ್ಟೇ ಆಗಿದ್ರ ನಾನು, ಉಂಡ್ರ ಗಟ್ಟಿ ಆಗ್ತಾರ, ಇದಕ್ಕೇನು ಸಂಶೋಧನಿ ಅಂತಿದ್ದೆ. ಅವರು ಇನ್ನೊಂದು ಮಾಡಿದ್ರು. ರೋಗಿಗಳ ಮನಿಯ ಹತ್ತು ಸಾವಿರ ಚಿಲ್ಲರೆ ಮಂದಿಯೊಳಗ ಅರ್ಧದಷ್ಟು ಮಂದಿಗೆ ತಲಾ ತಿಂಗಳಿಗೆ ಐದು ಕಿಲೋ ಅಕ್ಕಿ, ಒಂದೂವರಿ ಕಿಲೋ ಬ್ಯಾಳಿ ಕೊಟ್ರು, ಉಳಿದೋರಿಗೆ ಇಲ್ಲ. ಬ್ಯಾಳಿ ಉಂಡ ಮನಿಯೊಳಗ ಹೊಸದಾಗಿ ಟಿಬಿ ಬಂದಿದ್ದು ನೂರಕ್ಕ 39 ಕಡಿಮಿ, ಹರಡೋ ಥರದ ಟಿಬಿ 48 ಕಡಿಮಿ. ಒಂದೂವರಿ ಕಿಲೋ ಬ್ಯಾಳಿ! ಇಂಥ ಕೆಲಸ ಒಂದು ಲಸಿಕಿ ಮಾಡಿದ್ರ ಪೇಪರ್ ತುಂಬಾ ಫೋಟೋ ಬರ್ತಿದ್ದುವು.

ಹಂಗಂದ್ರ ಮದ್ರಾಸಿನೋರು ಹೇಳಿದ್ದು ಸುಳ್ಳಾ ಅಂತ ನನ್ನ ಮಗಳು ಕೇಳಿದ್ಲು. ನಾನು ಬಾಳ ಹೊತ್ತು ವಿಚಾರ ಮಾಡಿದೆ. ಸುಳ್ಳಲ್ಲ. ಅವರು ಕೇಳಿದ್ದು ಮದ್ದು ಬಡವರ ಮನ್ಯಾಗೂ ಕೆಲಸ ಮಾಡ್ತೈತೋ ಇಲ್ಲೋ ಅಂತ. ಮಾಡ್ತೈತಿ. ಅದು ಗೊತ್ತಾಗಿದ್ದರಿಂದ ಎಷ್ಟೋ ಮಂದಿ ಗದ್ದಿ ಉಳೀತು. ಆದ್ರ ಆ ಒಂದು ಉತ್ತರ ಹಿಡಕೊಂಡು, ಊಟ ದೊಡ್ಡ ಮಾತಲ್ಲ ಅಂತ ಅರವತ್ತು ವರ್ಷ ಸುಮ್ಮನಿದ್ದುಬಿಟ್ರು. ರೋಗಿ ಪಕ್ಕ ಮಲಗಿದ ಹುಡುಗಿ ಏನು ಉಂಡು ಮಲಗ್ಯಾಳ ಅನ್ನೋದನ್ನ ಬ್ಯಾರೆಯಾಗಿಯೇ ಕೇಳಬೇಕಿತ್ತು. ಗುಳಿಗಿ ಕೊಟ್ರ ಲೆಕ್ಕ ಇಡಬೌದು, ಇಷ್ಟು ಕೊಟ್ವಿ, ಇಷ್ಟು ನುಂಗಿದ್ರು ಅಂತ. ಅನ್ನ ಯಾರ ತಟ್ಟಿಗೆ ಎಷ್ಟು ಬಿತ್ತು ಅಂತ ಬರಿಯಾಕ ಯಾವ ರಿಜಿಸ್ಟರೂ ಇಲ್ಲ. ಬಡಿಸೋರಿಗೆ ಗೊತ್ತು: ಮೊದಲು ದುಡಿಯೋ ಗಂಡಸು, ಆಮ್ಯಾಲ ಗಂಡು ಹುಡುಗ್ರು, ಹೆಣ್ಣುಮಕ್ಕಳಿಗೆ ಸಾರಿನ ತಿಳಿ.

ಮೊನ್ನೆ ಆ ಚೀಲದ ಸಾಮಾನು ನಮ್ಮ ಕಿರಾಣಿ ಅಂಗಡ್ಯಾಗ ಕೇಳಿದೆ, ಹುರಿಹಿಟ್ಟಿನ ಬದಲಿಗೆ ಪುಟಾಣಿ ಹಿಡಿದು. ಹಾಲಿನ ಪುಡಿಯಿಂದಾಗಿ 1,200 ದಾಟ್ತು. ಸರಕಾರ 2024ರ ನವೆಂಬರಿನಿಂದ 500ನ್ನ 1,000 ಮಾಡೈತಿ, ಅಷ್ಟು ಚಲೋ ಆತು. ಆದ್ರ ರೊಕ್ಕ ಬ್ಯಾಂಕಿಗೆ ಬಂದ್ರ ಅದು ಸಂಘದ ಸಾಲದ ಕಂತಿಗೂ ಹೋಗ್ತೈತಿ, ಮಕ್ಕಳ ಬೂಟಿಗೂ ಹೋಗ್ತೈತಿ. ಬ್ಯಾಳಿ ಚೀಲ ಮನಿಗೆ ಬಂದ್ರ ಅದು ಗಡಿಗಿಗೇ ಬೀಳಬೇಕು. ನಾನು ಚೀಲದ ಕಡೆ.

ತತ್ತಿ ಮಾತು ಶಾಲಿಗೂ ಬಂದು ನಿಂತಿದ್ದು ನಿಮಗ ನೆನಪಿರಬೇಕು. ವಿಜಯನಗರ ಜಿಲ್ಲಾ ಆಗಿ, ಕಂಪ್ಲಿ ಸಂಡೂರು ಬಳ್ಳಾರಿಗೇ ಉಳದು ಎರಡು ತಿಂಗಳಾಗಿತ್ತು, 2021ರ ಡಿಸೆಂಬರಿನಾಗ ನಮ್ಮ ಕಡಿಯ ಜಿಲ್ಲೆಗಳ ಶಾಲ್ಯಾಗ ಬಿಸಿಯೂಟದ ಜೋಡಿ ತತ್ತಿ ಶುರು ಮಾಡಿದ್ರು. ಒಲ್ಲದೋರಿಗೆ ಬಾಳಿಹಣ್ಣು. ಬ್ಯಾಡ ಅಂತ ಎಷ್ಟು ಗದ್ದಲ! ಕಂಪ್ಲಿ ಹೊಳಿ ದಾಟಿದ್ರ ಗಂಗಾವತಿ. ಅಲ್ಲಿನ ಶಾಲಿ ಹುಡುಗಿ ಒಬ್ಬಾಕಿ, ತತ್ತಿ ನಿಲ್ಲಿಸಿದ್ರ ನಿಮ್ಮ ಮಠಕ್ಕೇ ಬಂದು ತಿಂತೀವಿ ಅಂತ ಮಾತಾಡಿದ್ದು ಮೊಬೈಲಿನಿಂದ ಮೊಬೈಲಿಗೆ ಓಡ್ಯಾಡ್ತು. ಆಮ್ಯಾಲ ತತ್ತಿ ತಿಂದ ಯಾದಗಿರಿ ಮಕ್ಕಳನ್ನ, ತತ್ತಿ ಸಿಗದ ಗದಗಿನ ಮಕ್ಕಳ ಜೋಡಿ ಹೋಲಿಸಿ ನೋಡಿದ್ರು. ತಿಂದೋರ ತೂಕ ಹೆಚ್ಚು ಏರಿತ್ತು. 2024ರಿಂದ ವಾರಕ್ಕ ಆರು ದಿನ ಆತು.

ಮೈದುನನ ಇಬ್ಬರು ಹುಡುಗ್ರಿಗೂ ಎಕ್ಸರೇ ಮಾಡಿಸಿ, ರೋಗ ಇಲ್ಲ ಅಂತ ಖಾತ್ರಿ ಆದ ಮ್ಯಾಲ, ಮುಂದೆ ಬರಬಾರದು ಅಂತ ವಾರಕ್ಕೊಮ್ಮೆ ನುಂಗೋ ಗುಳಿಗಿ 12 ವಾರ ಕೊಟ್ರು. ದೊಡ್ಡಾಕಿ ಒಂದು ವಾರನೂ ತಪ್ಪಿಸಲಿಲ್ಲ, ಗ್ವಾಡಿ ಮ್ಯಾಲ ಗೀಟು ಹಾಕಿಟ್ಟಾಳ. ಸಣ್ಣಾಕಿ ಗುಳಿಗಿ ಕಹಿ ಅಂತ ಅತ್ತು ಅತ್ತು ನುಂಗಿದ್ಲು. ಮೈದುನ ಈಗ 54 ಕಿಲೋ, ಮಿಲ್ಲಿಗೆ ಹೋಗೋದು ಬಿಟ್ಟು ಕಂಪ್ಲಿ ಬಸ್ ಸ್ಟ್ಯಾಂಡಿನ ಹತ್ರ ಮಿರ್ಚಿ ಮಂಡಕ್ಕಿ ಬಂಡಿ ಇಟ್ಟಾನ. ಹೋದ ತಿಂಗಳು ಅವರೆಲ್ಲ ಬಂದಾಗ ಸಣ್ಣಾಕಿ ಅಜ್ಜಿ ತೊಡಿ ಮ್ಯಾಲ ಕುಂತು, "ನಮ್ಮ ಶಾಲ್ಯಾಗ ದಿನಾ ತತ್ತಿ ಕೊಡ್ತಾರಜ್ಜಿ" ಅಂದ್ಲು. ನಮ್ಮತ್ತಿ ಆಕಿ ಕೈ ಹಿಡಿದು, ರಟ್ಟಿ ಹಿಚುಕಿ ನೋಡಿ, "ಇತ್ವಾರ ಏನು ಮಾಡ್ತಿ ಹಂಗಾದ್ರ?" ಅಂತ ಕೇಳಿದ್ರು. ನಾನು ಹಿತ್ತಲಕ್ಕ ಹೋಗಿ ಸ್ಟೌ ಹಚ್ಚಿದೆ.